ಖಾಲಿ ಕಾರಿಗೆ ಕೊಟ್ಟ ಅಂಕ: ಬೊಲೆರೊ ನಿಯೊ ವಿಮರ್ಶೆಯ ಬಗ್ಗೆ ಮಲೆನಾಡಿನ ಮಾಲೀಕರ ದೂರು

ದಿನಾಂಕ: 12 ಆಗಸ್ಟ್ 2024

ಇಂದ,
ಕೊಪ್ಪ, ಶೃಂಗೇರಿ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ 11 ಮಂದಿ ವಾಹನ ಮಾಲೀಕರ ಪರವಾಗಿ,
ತಮ್ಮ ಪತ್ರಿಕೆಯ ಒಬ್ಬ ಚಂದಾದಾರ

ಗೆ,
ಸಂಪಾದಕರು ಹಾಗೂ ವಾಹನ ಪರೀಕ್ಷಾ ವಿಭಾಗದ ಮುಖ್ಯಸ್ಥರು

ವಿಷಯ: ಮಹೀಂದ್ರ ಬೊಲೆರೊ ನಿಯೊ ಕಾರಿನ ವಿಮರ್ಶೆಯಲ್ಲಿರುವ ತಪ್ಪು ಮಾಹಿತಿ, ಅಪೂರ್ಣ ಪರೀಕ್ಷೆ ಹಾಗೂ ಮಾಲೀಕರ ಬಗ್ಗೆ ಆಡಿರುವ ಹಗುರ ಮಾತುಗಳ ಕುರಿತು.

ಮಾನ್ಯರೇ,

ನಾನು 2017ರಿಂದ ತಮ್ಮ ಪತ್ರಿಕೆಯ ವಾರ್ಷಿಕ ಚಂದಾದಾರ. ಕೊಪ್ಪ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದೇನೆ. ನಮ್ಮಂಥವರಿಗೆ ಹೊಸ ಕಾರನ್ನು ಓಡಿಸಿ ನೋಡಿ ಕೊಳ್ಳುವ ಅವಕಾಶ ಸುಲಭವಾಗಿ ಸಿಗುವುದಿಲ್ಲ. ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಹೋದರೆ ಶೋರೂಮಿನವರು ಓಡಿಸಲು ಕೊಡುವುದು ಹತ್ತು ನಿಮಿಷ, ಅದೂ ಪೇಟೆಯ ಡಾಂಬರು ರಸ್ತೆಯ ಮೇಲೆ. ಆದ್ದರಿಂದಲೇ ಹಣ ಕೊಟ್ಟು ತಮ್ಮ ಪರೀಕ್ಷಾ ವರದಿಗಳನ್ನು ತರಿಸಿಕೊಂಡು ಓದುತ್ತೇವೆ, ಮನೆಯಲ್ಲಿ ಎಲ್ಲರೂ ಕುಳಿತು ಚರ್ಚಿಸುತ್ತೇವೆ, ಆಮೇಲೆ ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕುತ್ತೇವೆ. ತಮ್ಮ ಜೂನ್ ಸಂಚಿಕೆಯಲ್ಲಿ ಬಂದ ಬೊಲೆರೊ ನಿಯೊ ವಿಮರ್ಶೆ ಈ ನಂಬಿಕೆಗೆ ತಕ್ಕುದಾಗಿಲ್ಲ. ಇದೇ ಕಾರನ್ನೋ ಇದಕ್ಕಿಂತ ಮೊದಲು ಇದೇ ಮಾದರಿಯಲ್ಲಿ ಬಂದ ಟಿಯುವಿ300 ಕಾರನ್ನೋ ಇಟ್ಟುಕೊಂಡಿರುವ 11 ಮನೆಯವರು ಈ ಪತ್ರವನ್ನು ಓದಿ, ಒಪ್ಪಿ, ಸಹಿ ಹಾಕಿದ್ದಾರೆ.

ಮೊದಲು ತಪ್ಪು ಮಾಹಿತಿಯ ವಿಷಯವನ್ನು ಹೇಳಿಬಿಡುತ್ತೇನೆ. ವಿಮರ್ಶೆಯ ಕೊನೆಯಲ್ಲಿರುವ ತಾಂತ್ರಿಕ ವಿವರಗಳ ಪಟ್ಟಿಯಲ್ಲಿ ಈ ಕಾರು ಫ್ರಂಟ್ ವೀಲ್ ಡ್ರೈವ್ ಎಂದು ಅಚ್ಚಾಗಿದೆ. ಬೊಲೆರೊ ನಿಯೊ ರಿಯರ್ ವೀಲ್ ಡ್ರೈವ್ ಗಾಡಿ. ಚಾಸಿಯ (ಗಾಡಿಯ ತಳದ ಉಕ್ಕಿನ ಚೌಕಟ್ಟಿನ) ಮೇಲೆ ಬಾಡಿ ಕೂರಿಸಿ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಹಳೆಯ ಕ್ರಮದಲ್ಲಿ ಇದನ್ನು ಕಟ್ಟಿದ್ದಾರೆ. ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ ಎಸ್‌ಯುವಿಗಳಲ್ಲಿ ಹೆಚ್ಚಿನವು ಚಾಸಿ ಇಲ್ಲದ, ಮುಂದಿನ ಚಕ್ರಗಳು ಎಳೆಯುವ ಕಾರುಗಳು. ಅವುಗಳ ನಡುವೆ ಇದನ್ನು ಬೇರೆಯಾಗಿಸುವ ಮುಖ್ಯ ಸಂಗತಿಯೇ ಇದು. ಅಕ್ಷರದೋಷವೆಂದು ನಾವು ಇದನ್ನು ಬಿಟ್ಟುಬಿಡುತ್ತಿದ್ದೆವು, ಆದರೆ ಇಡೀ ಬರಹದಲ್ಲಿ ಈ ವ್ಯತ್ಯಾಸದ ಬಗ್ಗೆ ಒಂದು ವಾಕ್ಯವೂ ಇಲ್ಲದಿರುವುದನ್ನು ನೋಡಿದರೆ ಪರೀಕ್ಷೆ ಮಾಡಿದವರ ಗಮನಕ್ಕೇ ಅದು ಬಂದಿಲ್ಲವೆಂದು ತೋರುತ್ತದೆ. ತಾವು ಓಡಿಸಿದ ಎನ್10 ಆಪ್ಷನಲ್ ಮಾದರಿಯಲ್ಲಿ, ಹಿಂದಿನ ಒಂದು ಚಕ್ರ ಜಾರಿ ಸುಮ್ಮನೆ ಗಿರಗಿರನೆ ತಿರುಗತೊಡಗಿದರೆ ತಾನಾಗಿಯೇ ಲಾಕ್ ಆಗಿ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಇದೆ. ಅದರ ಹೆಸರು ಕೂಡ ವಿಮರ್ಶೆಯಲ್ಲಿಲ್ಲ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಗಡುಸಾಗಿದೆ ಎಂಬುದಕ್ಕೆ ಮಾತ್ರ ಎರಡು ಪ್ಯಾರಾಗಳಿವೆ.

ಹಿಂದಿನ ಚಕ್ರಗಳಿಗೆ ನಾವೇಕೆ ಇಷ್ಟು ಮಹತ್ವ ಕೊಡುತ್ತೇವೆ ಎಂಬುದು ತಮ್ಮ ಪರೀಕ್ಷಕರಿಗೆ ತಿಳಿಯಬೇಕಾದರೆ ನಮ್ಮ ಮನೆಯ ದಾರಿಯನ್ನು ನೋಡಬೇಕು. ಡಾಂಬರು ರಸ್ತೆಯಿಂದ ನಮ್ಮ ಅಂಗಳಕ್ಕೆ ಒಂದೂವರೆ ಕಿಲೋಮೀಟರ್ ಮಣ್ಣಿನ ರಸ್ತೆ. ದಣಪೆ ದಾಟಿದ ಮೇಲೆ ಒಂದು ಹಳ್ಳ, ಹಳ್ಳ ಕಳೆದೊಡನೆ ಎಡಕ್ಕೆ ತಿರುಗುತ್ತಲೇ ಏರು, ಒಂದು ಕಡೆ ಧರೆ, ಇನ್ನೊಂದು ಕಡೆ ತೋಟದ ಅಗಳ. ಬೇಸಿಗೆಯಲ್ಲಿ ಯಾವ ಕಾರಾದರೂ ಬರುತ್ತದೆ. ಆಷಾಢದಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣು ಸಾಬೂನಿನಂತೆ ಜಾರುವಾಗ ಎಲ್ಲ ಕಾರುಗಳೂ ಬರುವುದಿಲ್ಲ. ತುಂಬಿದ ಗಾಡಿ ಏರು ಹತ್ತುವಾಗ ಭಾರ ಹಿಂದಕ್ಕೆ ಜಗ್ಗುತ್ತದೆ. ಮುಂದಿನ ಚಕ್ರಗಳ ಮೇಲಿನ ಒತ್ತಡ ಕಡಿಮೆಯಾಗಿ ಅವು ಹಿಡಿತ ಕಳೆದುಕೊಳ್ಳುತ್ತವೆ, ಹಿಂದಿನವು ಭಾರ ಬಿದ್ದಷ್ಟೂ ಮಣ್ಣನ್ನು ಕಚ್ಚಿ ಹಿಡಿಯುತ್ತವೆ. ಇದು ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ಲೆಕ್ಕ.

ಈ ವರ್ಷ ಜುಲೈ ಮೂರನೆಯ ವಾರ ಮಳೆ ಎರಡು ದಿನ ಹೊಳವಾದಾಗ ಅಡಿಕೆಯ ಕೊಳೆ ರೋಗಕ್ಕೆ ಎರಡನೆಯ ಬಾರಿ ಔಷಧಿ ಹೊಡೆಯಬೇಕಾಗಿತ್ತು. ಎರಡು ಮೂಟೆ ಮೈಲುತುತ್ತ, ಅಷ್ಟೇ ಸುಣ್ಣ, ಪಂಪು, ಸುರುಳಿ ಸುತ್ತಿದ ಪೈಪು, ಮರ ಹತ್ತಿ ಔಷಧಿ ಹೊಡೆಯುವ ಇಬ್ಬರು ಕೊನೆಗೌಡರು ಮತ್ತು ನಾನು, ಎಲ್ಲ ಸೇರಿ ನಾಲ್ಕು ಕ್ವಿಂಟಾಲಿನ ಆಸುಪಾಸು. ಹಳ್ಳದಲ್ಲಿ ನೀರು ಚಕ್ರದ ಅರ್ಧಕ್ಕಿತ್ತು. ಏರಿನ ತಿರುವಿನಲ್ಲಿ ಬಲಗಡೆಯ ಹಿಂದಿನ ಚಕ್ರ ಅಗಳದ ಅಂಚಿನ ಕೆಸರಿಗೆ ಇಳಿದು ಒಂದು ಕ್ಷಣ ಸುಮ್ಮನೆ ತಿರುಗಿತು, ಕೆಳಗಿನಿಂದ ಒಂದು ಸಣ್ಣ ಗುದ್ದಿನ ಸದ್ದು ಬಂತು, ಗಾಡಿ ಎದ್ದು ಮುಂದಕ್ಕೆ ಹೋಯಿತು. ಹಿಂದೆ ಕುಳಿತಿದ್ದ ಕೊನೆಗೌಡರು ಪೈಪಿನ ಸುರುಳಿಯನ್ನು ಹಿಡಿದುಕೊಂಡು ತಮ್ಮ ಮಾತು ಮುಂದುವರಿಸುತ್ತಲೇ ಇದ್ದರು. ನಾವು ಹಣ ಕೊಟ್ಟದ್ದು ಈ ಒಂದು ಕ್ಷಣಕ್ಕೆ. ತಮ್ಮ ಪರೀಕ್ಷೆಯಲ್ಲಿ ಇಂಥ ಒಂದು ಏರೂ ಇರಲಿಲ್ಲ.

ಪರೀಕ್ಷೆ ಎಲ್ಲಿ ನಡೆಯಿತು ಎಂಬುದು ತಮ್ಮದೇ ಚಿತ್ರಗಳಿಂದ ತಿಳಿಯುತ್ತದೆ: ಒಣಗಿದ ಎಕ್ಸ್‌ಪ್ರೆಸ್ ಹೆದ್ದಾರಿ, ಕಾರಿನೊಳಗೆ ಚಾಲಕ ಮತ್ತು ಛಾಯಾಗ್ರಾಹಕ ಇಬ್ಬರೇ. ಈ ಕಾರಿನ ಸ್ಪ್ರಿಂಗುಗಳನ್ನು ಏಳು ಜನರ ಭಾರ ಹೊರಲೆಂದು ಹೊಂದಿಸಿರುತ್ತಾರೆ. ಇಬ್ಬರೇ ಕುಳಿತು ಓಡಿಸಿದರೆ ಕುಲುಕುತ್ತದೆ, ನಿಜ. ಐದು ಜನ ಕುಳಿತು ಹಿಂದೆ ಎರಡು ಚೀಲ ಹೇರಿದರೆ ಅದೇ ಗಾಡಿ ಹದವಾಗಿ ಕೂರುತ್ತದೆ. ಕುಲುಕುತ್ತದೆ ಎಂದು ಬರೆದದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ಎಷ್ಟು ಜನರನ್ನು ಕೂರಿಸಿಕೊಂಡು, ಯಾವ ರಸ್ತೆಯಲ್ಲಿ, ಎಷ್ಟು ಕಿಲೋಮೀಟರ್ ಓಡಿಸಿದಾಗ ಕುಲುಕಿತು ಎಂಬುದನ್ನು ಹೇಳದೆ ಐದಕ್ಕೆ ಎರಡು ಅಂಕ ಕೊಟ್ಟದ್ದಕ್ಕೆ ಆಕ್ಷೇಪವಿದೆ. ಹಾಗೆಯೇ ಗಂಟೆಗೆ 100 ಕಿಲೋಮೀಟರ್ ವೇಗದ ತಿರುವುಗಳಲ್ಲಿ ವಾಲುತ್ತದೆ ಎಂಬುದು ವಿಮರ್ಶೆಯ ದೊಡ್ಡ ದೂರು. ವಾಲುತ್ತದೆ, 1.8 ಮೀಟರಿಗಿಂತ ಹೆಚ್ಚು ಎತ್ತರದ ಗಾಡಿ ವಾಲದೆ ಇರುವುದಿಲ್ಲ, ಅದನ್ನು ತಿಳಿದೇ ನಾವು ಮಿತಿಯಲ್ಲಿ ಓಡಿಸುತ್ತೇವೆ. ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಆಗುಂಬೆ ಘಾಟಿಯ 14 ತಿರುವುಗಳನ್ನು, ಮಂಜು ಮುಸುಕಿದಾಗ, ಯಾರೂ ಎರಡನೆಯ ಗೇರು ದಾಟಿ ಓಡಿಸುವುದಿಲ್ಲ. ಅಲ್ಲಿ ಬೇಕಾಗುವುದು ಕಡಿಮೆ ವೇಗದಲ್ಲಿ ಏದುಸಿರು ಬಿಡದೆ ಎಳೆಯುವ ಎಂಜಿನ್ನು. ಈ 1,493 ಸಿಸಿ, ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ನು 1,750 ಆರ್‌ಪಿಎಂನಲ್ಲೇ 260 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ, ಆದ್ದರಿಂದ ತುಂಬಿದ ಗಾಡಿಯಲ್ಲೂ ಹೇರ್‌ಪಿನ್ ತಿರುವಿನಲ್ಲಿ ಮೊದಲ ಗೇರಿಗೆ ಇಳಿಯುವ ಪ್ರಸಂಗ ನನಗೆ ಬಂದದ್ದು ವಿರಳ. ತಮ್ಮ ವಿಮರ್ಶಕರು ಇದೇ ಎಂಜಿನ್ನನ್ನು ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗಿನ ಸದ್ದಿನಿಂದ ಅಳೆದಿದ್ದಾರೆ.

ಬೆಲೆಯ ಲೆಕ್ಕವನ್ನೂ ವಿಮರ್ಶೆ ಬಿಟ್ಟುಬಿಟ್ಟಿದೆ. 2021ರ ಜುಲೈಯಲ್ಲಿ ಈ ಕಾರು ಬಂದಾಗ ಆರಂಭದ ಮಾದರಿಯ ಶೋರೂಮ್ ಬೆಲೆ 8.48 ಲಕ್ಷ ರೂಪಾಯಿ ಇತ್ತು. ನಾಲ್ಕು ಮೀಟರಿನೊಳಗಿನ ಉದ್ದ, 1,500 ಸಿಸಿಯೊಳಗಿನ ಡೀಸೆಲ್ ಎಂಜಿನ್ನು ಇದ್ದರೆ 28% ಜಿಎಸ್‌ಟಿಯ ಮೇಲಿನ ಸೆಸ್ (ಹೆಚ್ಚುವರಿ ತೆರಿಗೆ) ಆಗ 3% ಮಾತ್ರ ಇತ್ತು. ಆ ಗೆರೆ ದಾಟಿದ ದೊಡ್ಡ ಎಸ್‌ಯುವಿಗಳಿಗೆ ಸೆಸ್ 22%ವರೆಗೆ ಏರುತ್ತಿತ್ತು. ಹಿಂದಿನ ಭಾಗ ಮೊಟಕಾಗಿರುವುದೂ ಕೊನೆಯ ಎರಡು ಸೀಟುಗಳು ಪಕ್ಕಕ್ಕೆ ಮುಖ ಮಾಡಿ ಇಕ್ಕಟ್ಟಾಗಿರುವುದೂ ಈ ಗೆರೆಯ ಕಾರಣಕ್ಕೆ. ಸ್ಕಾರ್ಪಿಯೋದ ಕುಟುಂಬಕ್ಕೆ ಸೇರಿದ ಚಾಸಿಯ ಡೀಸೆಲ್ ಗಾಡಿ ನಮ್ಮ ಕೈಗೆ ಎಟುಕುವ ಬೆಲೆಗೆ ಬಂದದ್ದೂ ಅದೇ ಕಾರಣಕ್ಕೆ. ಇದನ್ನು ವಿವರಿಸದೆ, ಪೇಟೆಯ ಓಡಾಟಕ್ಕೆಂದೇ ಮಾಡಿದ ನಾಲ್ಕು ಪೆಟ್ರೋಲ್ ಕಾರುಗಳ ಜೊತೆ ನಿಲ್ಲಿಸಿ, ಸನ್‌ರೂಫ್ ಇಲ್ಲ, ಪರದೆ ಚಿಕ್ಕದು ಎಂದು ಕೊನೆಯ ಸ್ಥಾನ ಕೊಡುವುದು ಉಳುವ ಎತ್ತನ್ನು ಓಟದ ಕುದುರೆಯ ಪಕ್ಕದಲ್ಲಿ ಕಟ್ಟಿದಂತೆ.

ನಮ್ಮ ಕಾರಿನಲ್ಲಿ ಕೊರತೆಯೇ ಇಲ್ಲ ಎಂದು ವಾದಿಸಲು ನಾವು ಬಂದಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಈ ವರ್ಷದ ಏಪ್ರಿಲ್‌ನಲ್ಲಿ ಪ್ರಕಟಿಸಿದ ಡಿಕ್ಕಿ ಪರೀಕ್ಷೆಯಲ್ಲಿ ಬೊಲೆರೊ ನಿಯೊಗೆ ದೊಡ್ಡವರ ರಕ್ಷಣೆಯಲ್ಲೂ ಮಕ್ಕಳ ರಕ್ಷಣೆಯಲ್ಲೂ ಐದರಲ್ಲಿ 1 ಸ್ಟಾರ್ ಮಾತ್ರ ಬಂದಿದೆ. ಅದನ್ನು ಓದಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಆ ಫಲಿತಾಂಶವನ್ನು ನಾವು ಅಲ್ಲಗಳೆಯುವುದಿಲ್ಲ, ಅದಕ್ಕೆ ಮಲೆನಾಡಿನ ರಸ್ತೆಯ ನೆಪವನ್ನೂ ಹೇಳುವುದಿಲ್ಲ. ಹಿಂದಿನ ಪಕ್ಕದ ಸೀಟುಗಳಲ್ಲಿ ಮಕ್ಕಳನ್ನು ಕೂರಿಸಿ ದೂರ ಪ್ರಯಾಣ ಮಾಡುವುದನ್ನು ನಾವು ನಿಲ್ಲಿಸಿದ್ದೇವೆ, ತಯಾರಕರು ಇದನ್ನು ಸರಿಪಡಿಸಬೇಕೆಂದು ಅವರಿಗೂ ಬರೆದಿದ್ದೇವೆ. ಆದರೆ ಆರು ಪುಟಗಳ ತಮ್ಮ ವಿಮರ್ಶೆಯಲ್ಲಿ ಈ ಪರೀಕ್ಷೆಗೆ ಸಿಕ್ಕಿರುವುದು ಅರ್ಧ ವಾಕ್ಯ. ಕಾರು ಕೊಳ್ಳುವ ಕುಟುಂಬವೊಂದು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಅದು. ಕಟುವಾಗಿ ಟೀಕಿಸಬೇಕಾದ ಜಾಗದಲ್ಲಿ ತಾವು ಮೌನವಾಗಿ ಸಾಗಿ, ಬಾಗಿಲ ಹಿಡಿಕೆಯ ಹೊಳಪಿಗೂ ಹಾಡಿನ ಸ್ಪೀಕರಿಗೂ ಅಂಕ ಕಳೆದಿರುವುದನ್ನು ನೋಡಿ ನಮಗೆ ನಿಜಕ್ಕೂ ನೋವಾಗಿದೆ.

ಇನ್ನು ವಿಮರ್ಶೆಯ ಕೊನೆಯ ಪ್ಯಾರಾ. ಈ ಕಾರನ್ನು ಕೊಳ್ಳುವವರು ಬೇರೆ ಕಾರುಗಳನ್ನು ನೋಡಿರದವರು, ಹೆಸರಿಗೆ ಮರುಳಾದವರು ಎಂಬ ಅರ್ಥದ ಮಾತುಗಳು ಅಲ್ಲಿವೆ. ಸಹಿ ಹಾಕಿದವರಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಪಶುವೈದ್ಯರಿದ್ದಾರೆ, ಶಿವಮೊಗ್ಗದ ಮಂಡಿಗೆ ವಾರಕ್ಕೊಮ್ಮೆ ಅಡಿಕೆ ಒಯ್ಯುವವರಿದ್ದಾರೆ. ನಮ್ಮ ಮನೆಯಲ್ಲಿ 2016ರಲ್ಲಿ ಕೊಂಡ ಟಿಯುವಿ300 ಇತ್ತು. ಆರು ಮಳೆಗಾಲ ಅದರಲ್ಲಿ ಕಳೆದ ಮೇಲೆ ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು, ಐದು ಬೇರೆ ಕಾರುಗಳನ್ನು ನೋಡಿ ಬಂದು, 2022ರಲ್ಲಿ ನಿಯೊ ತೆಗೆದುಕೊಂಡೆವು. ತಿಳಿಯದೆ ತೆಗೆದುಕೊಂಡದ್ದಲ್ಲ. ಕಾರನ್ನು ಟೀಕಿಸುವುದು ವಿಮರ್ಶಕರ ಕೆಲಸ, ಕೊಂಡವರ ಬುದ್ಧಿಯನ್ನು ಅಳೆಯುವುದು ಅವರ ಕೆಲಸವಲ್ಲ.

ಈ ಬರಹದ ಪರಿಣಾಮ ಕಾಗದದ ಮೇಲೆ ಉಳಿದಿಲ್ಲ. ನಮ್ಮಲ್ಲೊಬ್ಬರು ಜುಲೈಯಲ್ಲಿ ತಮ್ಮ ನಿಯೊ ಮಾರಲು ಹೊರಟಾಗ ಬಂದ ಗಿರಾಕಿ ಮೊಬೈಲಿನಲ್ಲಿ ತಮ್ಮ ಪತ್ರಿಕೆಯ ಪುಟವನ್ನೇ ತೋರಿಸಿ ಬೆಲೆ ಇಳಿಸಿದ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದು ನಮ್ಮ ಪಕ್ಕದ ಮನೆಯ ಹುಡುಗನ ಪ್ರಸಂಗ. ನಿಯೊ ಬುಕ್ ಮಾಡಿದ್ದವನು ತಮ್ಮ ವಿಮರ್ಶೆ ಓದಿ ಅದನ್ನು ರದ್ದು ಮಾಡಿ, ತಮ್ಮ ಹೋಲಿಕೆಯಲ್ಲಿ ಮೊದಲ ಸ್ಥಾನ ಪಡೆದ ಕಾರನ್ನು ಮನೆಗೆ ತಂದ. ಅದು ಒಳ್ಳೆಯ ಕಾರು, ಪೇಟೆಯಲ್ಲಿ ಮನೆಯಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಜುಲೈಯ ಒಂದು ಸಂಜೆ, ಅದೇ ಏರಿನಲ್ಲಿ, ಮುಂದಿನ ಚಕ್ರಗಳು ಮಣ್ಣು ಕೆದಕುತ್ತ ನಿಂತಲ್ಲೇ ನಿಂತವು. ಗೋಣಿಚೀಲ ಹಾಸಿ, ಅಡಿಕೆ ಸಿಪ್ಪೆ ಸುರಿದು, ಆರು ಜನ ನೂಕಿದರೂ ಹತ್ತಲಿಲ್ಲ. ಈಗ ಆ ಕಾರು ಮಳೆಗಾಲ ಮುಗಿಯುವ ತನಕ ಡಾಂಬರು ರಸ್ತೆಯ ಬದಿಯ ಶೆಡ್ಡಿನಲ್ಲಿದೆ. ಅವನ ತಾಯಿ ಒಂದೂವರೆ ಕಿಲೋಮೀಟರ್ ಕೊಡೆ ಹಿಡಿದು ನಡೆದು ಬಂದು ಅದನ್ನು ಹತ್ತುತ್ತಾರೆ. ಆ ಹುಡುಗನಿಗೆ ಬೇಕಿದ್ದ ಮಾಹಿತಿ ಒಂದೇ ಸಾಲಿನದು, ತಮ್ಮ ಪಟ್ಟಿಯಲ್ಲಿ ತಪ್ಪಾಗಿ ಅಚ್ಚಾದ ಅದೇ ಸಾಲು.

ಜೂನ್ 28ರಂದು ನಾನು ಇಮೇಲ್ ಮೂಲಕ ಈ ತಪ್ಪನ್ನು ತಿಳಿಸಿದ್ದೆ. ವಿಮರ್ಶೆಯಲ್ಲಿನ ಅಭಿಪ್ರಾಯಗಳು ಪರೀಕ್ಷಕರ ವೈಯಕ್ತಿಕ ಅಭಿಪ್ರಾಯಗಳು ಎಂಬ ಸಿದ್ಧ ಉತ್ತರವೊಂದು ಬಂತು. ಯಾವ ಚಕ್ರ ಗಾಡಿಯನ್ನು ಓಡಿಸುತ್ತದೆ ಎಂಬುದು ಅಭಿಪ್ರಾಯದ ವಿಷಯವಲ್ಲ.

ಆದ್ದರಿಂದ ತಮ್ಮಲ್ಲಿ ನಮ್ಮ ವಿನಂತಿ ಇಷ್ಟು. ತಾಂತ್ರಿಕ ಪಟ್ಟಿಯ ತಪ್ಪನ್ನು ಮುಂದಿನ ಸಂಚಿಕೆಯಲ್ಲಿ ವಿಮರ್ಶೆ ಬಂದ ವಿಭಾಗದಲ್ಲೇ, ಓದುಗರ ಕಣ್ಣಿಗೆ ಬೀಳುವ ಜಾಗದಲ್ಲಿ ತಿದ್ದಿ ಪ್ರಕಟಿಸಬೇಕು; ಮಾಲೀಕರ ಕುರಿತ ಕೊನೆಯ ಪ್ಯಾರಾವನ್ನು ಹಿಂತೆಗೆದುಕೊಳ್ಳಬೇಕು. ಇನ್ನು ಮುಂದೆ ಯಾವುದೇ ಕಾರಿಗೆ ಅಂಕ ಕೊಡುವಾಗ ಎಷ್ಟು ಜನ, ಎಷ್ಟು ಭಾರ, ಯಾವ ರಸ್ತೆ, ಎಷ್ಟು ದೂರ ಎಂಬ ನಾಲ್ಕು ವಿವರಗಳನ್ನು ಅಂಕದ ಪಕ್ಕದಲ್ಲೇ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ಕಾರನ್ನು ಮಳೆಗಾಲದಲ್ಲಿ, ಭಾರ ಹೇರಿ, ಘಾಟಿಯಲ್ಲೂ ಮಣ್ಣಿನ ರಸ್ತೆಯಲ್ಲೂ ಮತ್ತೊಮ್ಮೆ ಪರೀಕ್ಷಿಸಬೇಕು. ತಮ್ಮ ಪರೀಕ್ಷಕರು ಬರುವುದಾದರೆ ನನ್ನ ಕಾರನ್ನೇ ಕೊಡುತ್ತೇನೆ, ಉಳಿದುಕೊಳ್ಳಲು ನಮ್ಮ ಮನೆಯಿದೆ. ಹೋಲಿಕೆಗೆ ಬೇಕೆಂದಿರುವ ಉಳಿದ ನಾಲ್ಕು ಕಾರುಗಳನ್ನೂ ತರಲಿ, ಅದೇ ಏರಿನಲ್ಲಿ ಅದೇ ಭಾರ ಹಾಕಿ ಓಡಿಸಲಿ. ಆ ಮೇಲೆಯೂ ಎರಡೇ ಅಂಕ ಕೊಟ್ಟರೆ ನಾವು ಪ್ರಶ್ನಿಸುವುದಿಲ್ಲ.

ಸಹಿ ಹಾಕಿದ ಹನ್ನೊಂದು ಮಂದಿಯಲ್ಲಿ ಏಳು ಮಂದಿ ತಮ್ಮ ಚಂದಾದಾರರು. ತಿದ್ದುಪಡಿ 30 ದಿನಗಳೊಳಗೆ ಬಾರದಿದ್ದಲ್ಲಿ ನಮ್ಮ ಚಂದಾ ಅವಧಿಯಲ್ಲಿ ಉಳಿದಿರುವ ತಿಂಗಳುಗಳ ಹಣವನ್ನು ಹಿಂದಿರುಗಿಸಬೇಕೆಂದು ಕೋರುತ್ತೇವೆ. ನಮ್ಮಲ್ಲಿ ಸೆಪ್ಟೆಂಬರ್ ತನಕ ಮಳೆ ಇರುತ್ತದೆ. ಪರೀಕ್ಷೆಗೆ ಬರುವುದಾದರೆ ಅದಕ್ಕೆ ಮೊದಲೇ ದಿನ ಗೊತ್ತುಮಾಡಿ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಚಂದಾದಾರ, ಕೊಪ್ಪ ತಾಲ್ಲೂಕು
(ಮತ್ತು 10 ಮಂದಿ ಮಾಲೀಕರ ಸಹಿ)