ಸೂಟಿ ಯಾವತ್ತ ಕೊಡ್ತೀರಿ?

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜಿಗೆ ಫೋನಿನಲ್ಲೇ ಉತ್ತರ ಕುಟ್ಟಲು ಹೋದೆ, ಉದ್ದವಾಯಿತು. "ನಿಮ್ಮ ಇಗರ್ಜಿಗೂ ಯೂನಿಯನ್ನಿಗೂ ಎಂಥ ಸಂಬಂಧ ಮಾರಾಯ? ಪಾದ್ರಿಗಳು ಯಾವಾಗಲೂ ಧಣಿಗಳ ಕಡೆಯೇ ಅಲ್ವಾ?" ಅಂತ ಕೇಳಿದ್ದಿ. ಅರ್ಧ ಸರಿ. ಉಳಿದ ಅರ್ಧಕ್ಕೆ ಈ ಪತ್ರ.

ಜಾರ್ಜ್ ಫೆರ್ನಾಂಡಿಸ್ ಕಥೆ ನಿನಗೆ ನಾನೇ ಹೇಳಿದ್ದೆ. ಮಂಗಳೂರಿನ ಹುಡುಗ, 1946ರಲ್ಲಿ ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿ ಸೇರಿದರು. ಎರಡೂವರೆ ವರ್ಷಕ್ಕೇ ಬಿಟ್ಟು ಬಂದರು. ಅಲ್ಲಿ ಮೇಲಿನವರಿಗೆ ಎತ್ತರದ ಮೇಜು, ಒಳ್ಳೆಯ ಊಟ, ಹುಡುಗರಿಗೆ ಬೇರೆಯದೇ. ಅದನ್ನು ಅವರಿಗೆ ಸಹಿಸಲಾಗಲಿಲ್ಲ. ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದರು. ಆಮೇಲೆ ಟ್ಯಾಕ್ಸಿಯವರನ್ನು, ಹೋಟೆಲಿನ ಹುಡುಗರನ್ನು ಒಟ್ಟು ಸೇರಿಸಿದರು. ಅವರಿಗೆ ಯೂನಿಯನ್ ಕೆಲಸ ಕಲಿಸಿದ ಪಿ. ಡಿಮೆಲ್ಲೊ ಕೂಡ ನಮ್ಮ ಕಡೆಯವರೇ. ಬಂದರಿನ ಕೆಲಸಗಾರರ ನಾಯಕ. ವಿ.ಟಿ. ಸ್ಟೇಷನ್ನಿನ ಆಚೆ ಬಂದರಿನ ಪಕ್ಕ ಹೋಗುವ ರಸ್ತೆಗೆ ಅವರದೇ ಹೆಸರು. ಆದರೆ ಇಬ್ಬರೂ ಕೆಲಸ ಮಾಡಿದ್ದು ಇಗರ್ಜಿಯ ಗೋಡೆಯಿಂದ ಹೊರಗೆ.

ಕಾಗದದ ಮೇಲೆ ಮಾತ್ರ ನಮ್ಮವರು ಹಿಂದೆ ಬಿದ್ದಿರಲಿಲ್ಲ. 1891ರಲ್ಲೇ ಪೋಪ್ ಹದಿಮೂರನೇ ಲಿಯೋ 'ರೇರುಮ್ ನೊವಾರುಮ್' ಎಂಬ ಸುತ್ತೋಲೆ ಬರೆದರು. ಕೆಲಸಗಾರರು ಸಂಘ ಕಟ್ಟಬಹುದು, ಸಂಬಳ ಹೊಟ್ಟೆಬಟ್ಟೆಗೆ ಸಾಕಾಗುವಷ್ಟಿರಬೇಕು, ಭಾನುವಾರ ವಿಶ್ರಾಂತಿ ಬೇಕು ಎಂದರು. ಅದರಲ್ಲೇ ಸಮಾಜವಾದಿಗಳಿಗೂ ಬೈದಿದ್ದಾರೆ ಅನ್ನು. 1955ರಲ್ಲಿ ಹನ್ನೆರಡನೇ ಪಿಯುಸ್ ಮೇ ಒಂದನ್ನು ಬಡಗಿ ಸಂತ ಜೋಸೆಫರ ಹಬ್ಬ ಮಾಡಿದರು. ಕೆಂಪು ಬಾವುಟದವರ ದಿನದಲ್ಲಿ ನಾವೂ ಒಂದು ಪಾಲು ಹೊಡೆದೆವು.

ಈಗ ನೀನು ಹೇಳಿದ ಅರ್ಧ. ನಾನು ಮೊದಲಿದ್ದ ಕಡೆ ಇಗರ್ಜಿಯಲ್ಲಿ ಗಂಟೆ ಹೊಡೆದು, ಕಸ ಗುಡಿಸಿ, ಹೂವಿಡುತ್ತಿದ್ದವನಿಗೆ ಪಿ.ಎಫ್. ಇರಲಿಲ್ಲ. ಸಭೆಯಲ್ಲಿ ಒಬ್ಬರು ಕೇಳಿಯೇ ಬಿಟ್ಟರು. "ಅವನು ನಮ್ಮ ಮನೆಯವನ ಹಾಗೆ" ಎಂಬ ಉತ್ತರ ಬಂತು. ನಾನು ಸುಮ್ನೆ ಕೂತಿದ್ದೆ.

ಅಡುಗೆಮನೆಯ ತನಕ ಬಂದದ್ದು ಒಬ್ಬ ಸಿಸ್ಟರ್. ಬೆಲ್ಜಿಯಂನಿಂದ ಬಂದ ಜೀನ್ ಡಿವೋಸ್. 1985ರಲ್ಲಿ ಅವರು ಮನೆಗೆಲಸದವರ ರಾಷ್ಟ್ರೀಯ ಚಳವಳಿ ಶುರುಮಾಡಿದರು. ಒಬ್ಬೊಬ್ಬಳು ಒಂದೊಂದು ಮನೆಯಲ್ಲಿ ಬಾಗಿಲ ಹಿಂದೆ ದುಡಿಯುವವಳು, ಗೇಟಿನ ಹೊರಗೆ ಘೋಷಣೆ ಕೂಗಲು ಇದು ಮಿಲ್ಲಲ್ಲ. ಇವರನ್ನು ಒಟ್ಟುಗೂಡಿಸುವುದು ಎಷ್ಟು ಕಷ್ಟ, ನೀನೇ ಯೋಚಿಸು. 2008ರಲ್ಲಿ ಮಹಾರಾಷ್ಟ್ರದಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಗೆ ಕಾಯ್ದೆ ಬಂತು. 2011ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸದವರಿಗಾಗಿ 189ನೇ ಒಪ್ಪಂದ ಮಾಡಿತು: ವಾರಕ್ಕೆ ಕಡಿಮೆಯೆಂದರೂ ಒಟ್ಟಿಗೆ 24 ತಾಸು ರಜೆ. ನಮ್ಮ ದೇಶ ಅಲ್ಲಿ ಕೈ ಎತ್ತಿತು, ಇಲ್ಲಿ ಅದನ್ನು ಜಾರಿಗೆ ಒಪ್ಪಿಕೊಳ್ಳಲಿಲ್ಲ.

ಕಳೆದ ಮೇ ಒಂದರಂದು ಪೂಜೆ ಮುಗಿದ ಮೇಲೆ ಇಗರ್ಜಿಯ ಹಾಲ್‌ನಲ್ಲಿ ಮನೆಗೆಲಸದವರ ಸಭೆ. ಕನ್ನಡ, ಮರಾಠಿ ಎರಡೂ ಬರುತ್ತದೆಂದು ಫಾರ್ಮ್ ತುಂಬಲು ನನ್ನನ್ನು ಕೂರಿಸಿದ್ದರು. ಸಾಲಿನಲ್ಲಿ ನಮ್ಮ ಮನೆಗೆ ಬರುವ ಯಾದಗಿರಿ ಕಡೆಯ ಅಮ್ಮನೂ ಇದ್ದರು. ಎದುರಿನ ಕುರ್ಚಿಯಲ್ಲಿ ಕೂತರು. ಆರು ವರ್ಷದಲ್ಲಿ ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಸರು, ಊರು, ಪಗಾರ ಎಲ್ಲ ಬರೆಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಅಣ್ಣಾರ, ವಾರಕ್ಕೊಂದು ದಿನಾ ಸೂಟಿ ಕೊಡಬೇಕಂತ ಸಿಸ್ಟರ್ ಹೇಳ್ಯಾರ. ನಿಮ್ಮ ಮನ್ಯಾಗ ಯಾವತ್ತ ಕೊಡ್ತೀರಿ?"

ಪೆನ್ನು ನಿಂತಿತು ಮಾರಾಯ. ಭಾನುವಾರ ನಮಗೆ ನೆಂಟರು ಜಾಸ್ತಿ, ಅವರಿಗೆ ಪಾತ್ರೆ ಜಾಸ್ತಿ. ಬೆಳಿಗ್ಗೆ ನಾವು ಪೂಜೆಗೆ ಹೊರಟಾಗ ಬೀಗದ ಕೈ ತೆಗೆದುಕೊಳ್ಳುವವರೇ ಅವರು. ಅಡುಗೆಮನೆ ಕಿಟಕಿಯ ಮೇಲೆ ಅವರ ಚಹಾದ ಸ್ಟೀಲ್ ಲೋಟ ಬೇರೆಯಾಗಿ ಬೋರಲು ಬಿದ್ದಿರುತ್ತದೆ. ಸೆಮಿನರಿಯ ಮೇಜಿನ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ!

"ಭಾನುವಾರ" ಅಂದೆ. ಮನೆಗೆ ಹೋಗಿ ಹೆಂಡತಿಗೆ ಹೇಳಲು ಸಂಜೆಯಾಯಿತು.

ಈಗ ಭಾನುವಾರದ ಪಾತ್ರೆ ನನ್ನ ಪಾಲು. ಮೊನ್ನೆ ಬಂಗುಡೆ ಸಾರಿನ ಪಾತ್ರೆಯನ್ನು ಅವಳು ಮೂಸಿ ನೋಡಿ, ಮಾತಿಲ್ಲದೆ ವಾಪಸ್ ಸಿಂಕಿಗೆ ಇಟ್ಟಳು. ಆ ಲೋಟ ಈಗ ಉಳಿದ ಲೋಟಗಳ ಜೊತೆ ಇದೆ. ಆದರೆ ಅಮ್ಮ ಇನ್ನೂ ನಿಂತೇ ಕುಡಿಯುತ್ತಾರೆ. ಕೂತುಕೊಳ್ಳಿ ಅಂದರೆ, "ಇನ್ನೂ ಮೂರು ಮನಿ ಅದಾವ್ರಿ" ಅಂತ ಲೋಟ ತೊಳೆದಿಟ್ಟು ಹೊರಡುತ್ತಾರೆ.

ನಿನ್ನ ಗೆಳೆಯ,
ಮುಂಬಯಿಯಿಂದ