ಎಂಜಿನ್ ಬದಲಿಸುವ ಮಾತಿಗೆ ಮುಂಚೆ ಟೆಸ್ಟ್: ಬರುವ ತಿಂಗಳಿಂದ ನಮ್ಮ ಗ್ಯಾರೇಜಿನ ಹೊಸ ಕ್ರಮ

ಪ್ರೀತಿಯ ಗ್ರಾಹಕರಿಗೆ,

ನಮಸ್ಕಾರ. ಬರುವ ತಿಂಗಳ 1ನೇ ತಾರೀಖಿನಿಂದ ಸಾಗರದ ನಮ್ಮ ಗ್ಯಾರೇಜಿನಲ್ಲಿ ಒಂದು ಕ್ರಮ ಬದಲಾಗುತ್ತಿದೆ. ಗಾಡಿ ಮಿಸ್ ಹೊಡೆಯುತ್ತಿದೆ, ಜರ್ಕ್ ಬರುತ್ತಿದೆ, ಪಿಕಪ್ ಇಲ್ಲ ಎಂದು ನೀವು ಬಂದರೆ ಮೊದಲು ಟೆಸ್ಟ್ ಮಾಡುತ್ತೇವೆ. ಸಿಕ್ಕ ಅಳತೆಗಳನ್ನು ಬರೆದು ಕೈಗೆ ಕೊಡುತ್ತೇವೆ. ರಿಪೇರಿಯೋ ಎಂಜಿನ್ ಬದಲಿಯೋ ಅನ್ನುವ ಮಾತು ಆಮೇಲೆ. ಫೋನಿನಲ್ಲಿ ಶಬ್ದ ಕೇಳಿಸಿಕೊಂಡು ಖರ್ಚಿನ ಅಂದಾಜು ಹೇಳುವುದನ್ನು ನಿಲ್ಲಿಸುತ್ತಿದ್ದೇವೆ. ಟೆಸ್ಟಿಗೆ 900 ರೂಪಾಯಿ. ಕೆಲಸ ನಮ್ಮಲ್ಲೇ ಮಾಡಿಸಿದರೆ ಅದನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತೇವೆ. ಬೇರೆ ಕಡೆ ಮಾಡಿಸುವುದಾದರೂ ಆ ಚೀಟಿ ನಿಮ್ಮದೇ, ತೆಗೆದುಕೊಂಡು ಹೋಗಿ.

ಯಾಕೆ ಈ ಬದಲಾವಣೆ? ಎರಡು ತರಹದ ಗಾಡಿಗಳು ನಮ್ಮ ಬಾಗಿಲಿಗೆ ಬರುತ್ತವೆ. ಎರಡನ್ನು ನೋಡಿದರೂ ಬೇಸರವಾಗುತ್ತದೆ. ಒಂದು, ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಕೆಟ್ಟಿದ್ದಕ್ಕೆ ‘ಎಂಜಿನ್ ಹೋಯ್ತು’ ಎಂದು ಹೆದರಿಸಿಕೊಂಡು ಬಂದ ಗಾಡಿ. ಇನ್ನೊಂದು ಪೂರ್ತಿ ಉಲ್ಟಾ. ಪ್ಲಗ್ ಹಾಕಿಸಿ, ಕಾಯಿಲ್ ಹಾಕಿಸಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೊಳೆಸಿ, ದುಡ್ಡೆಲ್ಲ ಖರ್ಚಾದ ಮೇಲೆ ಒಳಗೆ ಕಂಪ್ರೆಷನ್ನೇ ಇಲ್ಲ ಎಂದು ಗೊತ್ತಾದ ಗಾಡಿ. ಎರಡರಲ್ಲೂ ಅಳತೆ ಮಾಡುವ ಮೊದಲೇ ತೀರ್ಮಾನ ಆಗಿಹೋಗಿರುತ್ತದೆ.

ಮಿಸ್ ಹೊಡೆಯುವುದು ಅಂದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದು. ಉರಿಯಲು ಕಿಡಿ ಬೇಕು, ಸರಿಯಾದ ಪ್ರಮಾಣದಲ್ಲಿ ಗಾಳಿ ಮತ್ತು ಪೆಟ್ರೋಲ್ ಬೇಕು, ಅದನ್ನು ಒತ್ತಿ ಹಿಡಿಯುವ ಕಂಪ್ರೆಷನ್ ಬೇಕು. ಕಿಡಿ, ಗಾಳಿ, ಪೆಟ್ರೋಲಿನ ತೊಂದರೆಗಳನ್ನು ಹೆಚ್ಚಾಗಿ ಎಂಜಿನ್ ಬಿಚ್ಚದೆಯೇ ಸರಿಮಾಡಬಹುದು. ದೊಡ್ಡ ಖರ್ಚಿನ ಪ್ರಶ್ನೆ ಬರುವುದು ಕಂಪ್ರೆಷನ್ ಹೋದಾಗ. ಹಾಗಾಗಿ ಹೊರಗಿನಿಂದ ಶುರುಮಾಡಿ ಒಳಗೆ ಹೋಗುತ್ತೇವೆ.

ಮೊದಲು ಸ್ಕ್ಯಾನರ್, ಅಂದರೆ ಗಾಡಿಯ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುವ ಯಂತ್ರ. ಪಿ0301, ಪಿ0302 ಎಂಬ ಕೋಡ್ ಬಂದರೆ ಕೊನೆಯ ಅಂಕಿ ಸಿಲಿಂಡರಿನ ನಂಬರ್. ಪಿ0300 ಬಂದರೆ ಒಂದೇ ಸಿಲಿಂಡರ್ ಅಂತಲ್ಲ, ಅಲ್ಲೊಂದು ಇಲ್ಲೊಂದು ಮಿಸ್ ಆಗುತ್ತಿದೆ ಎಂದರ್ಥ. ಕೋಡ್ ಜಾಗ ತೋರಿಸುತ್ತದೆ ಅಷ್ಟೆ, ಕಾರಣ ಹೇಳುವುದಿಲ್ಲ. ಎರಡನೇ ಸಿಲಿಂಡರಿನ ಕೋಡ್ ಬಂದರೆ ಅದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ ಓಡಿಸಿ ನೋಡುತ್ತೇವೆ. ಕೋಡ್ ಪಿ0303 ಆದರೆ ಕಾಯಿಲ್ಲೇ ಕಳ್ಳ. ಜಾಗ ಬಿಟ್ಟು ಕದಲದಿದ್ದರೆ ಪ್ಲಗ್, ಇಂಜೆಕ್ಟರ್, ವೈರಿಂಗ್ ಕಡೆ ಹೋಗುತ್ತೇವೆ. ಸುಮ್ನೆ ನಾಲ್ಕೂ ಕಾಯಿಲ್ ಬದಲಿಸುವ ಅಗತ್ಯವಿಲ್ಲ.

ನಮ್ಮ ಮಲೆನಾಡಿನಲ್ಲಿ ಇನ್ನೆರಡು ಕಾರಣ ಜಾಸ್ತಿ. ಮಳೆಗಾಲದಲ್ಲಿ ಕಾಯಿಲಿನ ರಬ್ಬರ್ ಬೂಟ್ ಬಿರುಕು ಬಿಟ್ಟಿದ್ದರೆ ತೇವ ಒಳಗೆ ಹೋಗಿ ಕಿಡಿ ಪ್ಲಗ್ಗಿನ ತುದಿಗೆ ತಲುಪುವ ಬದಲು ಪಕ್ಕಕ್ಕೆ ಹಾರುತ್ತದೆ. ಬೆಳಿಗ್ಗೆ ಮಿಸ್ ಹೊಡೆದ ಗಾಡಿ ಬಿಸಿಯಾದ ಮೇಲೆ ಸರಿಹೋಗುವುದಕ್ಕೆ ಇದು ಒಂದು ಕಾರಣ. ಇನ್ನೊಂದು ಇಲಿ. ಅಡಿಕೆ ಕೊಟ್ಟಿಗೆ ಪಕ್ಕ ನಿಲ್ಲಿಸಿದ ಗಾಡಿಗಳ ಇಂಜೆಕ್ಟರ್ ವೈರನ್ನು ಇಲಿ ಕಡಿದಿರುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ವೈರ್ ಜೋಡಿಸಿದರೆ ಮುಗಿಯಿತು.

ಇಷ್ಟರಲ್ಲಿ ಕಾರಣ ಸಿಗದಿದ್ದರೆ ಕಂಪ್ರೆಷನ್ ಟೆಸ್ಟ್. ಎಂಜಿನ್ ಬಿಸಿ ಇರಬೇಕು, ಬ್ಯಾಟರಿ ಚಾರ್ಜ್ ಇರಬೇಕು, ಎಲ್ಲ ಪ್ಲಗ್ ಬಿಚ್ಚಿ, ಗಾಳಿ ಒಳಬಿಡುವ ಥ್ರಾಟಲ್ ಪೂರ್ತಿ ತೆರೆದಿರಬೇಕು. ಇದರಲ್ಲಿ ಒಂದು ತಪ್ಪಿದರೂ ಅಳತೆ ಸುಳ್ಳು ಹೇಳುತ್ತದೆ, ಒಳ್ಳೆಯ ಎಂಜಿನ್ನೂ ಸತ್ತ ಹಾಗೆ ಕಾಣುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ (ಒತ್ತಡದ ಅಳತೆ) ಸುತ್ತಮುತ್ತ ಬರುತ್ತದೆ. ನಿಖರ ಸಂಖ್ಯೆಗೆ ಆಯಾ ಮಾಡೆಲಿನ ಸರ್ವಿಸ್ ಪುಸ್ತಕವೇ ಆಧಾರ. ಅದಕ್ಕಿಂತ ಮುಖ್ಯ, ಸಿಲಿಂಡರುಗಳ ನಡುವಿನ ವ್ಯತ್ಯಾಸ. ಮೂರು ಸರಿಯಿದ್ದು ಒಂದು ತೀರಾ ಕಡಿಮೆ ಇದ್ದರೆ ತೊಂದರೆ ಅಲ್ಲೇ ಇದೆ. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತೇವೆ. ಏರಿದರೆ ಪಿಸ್ಟನ್ ರಿಂಗ್ ಸವೆದಿರುವ ಸೂಚನೆ. ಏರದಿದ್ದರೆ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್ ಕಡೆ ಅನುಮಾನ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಮೊದಲು ಹೆಡ್ ಗ್ಯಾಸ್ಕೆಟ್ (ಎಂಜಿನಿನ ಮೇಲ್ಭಾಗವಾದ ಹೆಡ್, ಕೆಳಗಿನ ಬ್ಲಾಕ್ ಇವುಗಳ ನಡುವಿನ ಸೀಲ್) ನೋಡುತ್ತೇವೆ. ನಾಲ್ಕೂ ಸಮನಾಗಿ ಕಡಿಮೆ ಬಂದರೆ ‘ಎಂಜಿನ್ ಮುಗೀತು’ ಅನ್ನುವವರು ಜಾಸ್ತಿ. ಆದರೆ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆಸುವ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಒಂದು ಹಲ್ಲು ಜಾರಿದ್ದರೂ ಹಾಗೇ ಬರಬಹುದು. ಅದನ್ನು ನೋಡದೆ ನಾವು ಎಂಜಿನ್ ಇಳಿಸುವುದಿಲ್ಲ.

ಅನುಮಾನ ಉಳಿದರೆ ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಕೊಟ್ಟು ಎಲ್ಲಿಂದ ಸೋರುತ್ತಿದೆ ಎಂದು ಕಿವಿಗೊಡುತ್ತೇವೆ. ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಥ್ರಾಟಲಿನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್. ಆಯಿಲ್ ತುಂಬುವ ಬಾಯಿಯಲ್ಲಿ ಕೇಳಿದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಹೆಡ್ ಬಿರುಕು ಬಿಟ್ಟಿದೆ. ಈ ಟೆಸ್ಟ್ ಮಾಡುವಾಗ ನೀವೂ ಪಕ್ಕದಲ್ಲಿ ನಿಂತು ಕೇಳಬೇಕು ಅನ್ನುವುದು ನಮ್ಮ ಆಸೆ. ನಿಮ್ಮ ಕಿವಿಯಲ್ಲೇ ಕೇಳಿದ್ದನ್ನು ನಾವು ವಿವರಿಸಬೇಕಾಗಿಲ್ಲ, ಅಲ್ವಾ?

ವಾಲ್ವ್, ಗ್ಯಾಸ್ಕೆಟ್ ತೊಂದರೆ ಆದರೆ ಹೆಡ್ ಕೆಲಸ ಸಾಕು. ಹೆಡ್ ಬಿಚ್ಚಿ ಲೇತಿಗೆ ಕಳಿಸುತ್ತೇವೆ, ಬಾಗಿದ್ದರೆ ಫೇಸಿಂಗ್ ಮಾಡಿಸುತ್ತೇವೆ (ಮೇಲ್ಮೈ ಸಮ ಮಾಡಿಸುವುದು), ಎಂಜಿನ್ ಬದಲಿಸುವ ಪ್ರಶ್ನೆಯೇ ಇಲ್ಲ. ಸಿಎನ್‌ಜಿಯಲ್ಲಿ ಓಡುವ ಗಾಡಿಯವರು ಇದನ್ನು ಗಮನಿಸಿ. ವಾಲ್ವ್ ಕೂರುವ ಸೀಟ್ ಸವೆದು ಕ್ಲಿಯರೆನ್ಸ್ (ವಾಲ್ವಿಗೆ ಬಿಡುವ ಸಣ್ಣ ಸಂದು) ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬೇಗ ಗೊತ್ತಾದರೆ ಹೊಂದಿಸುವುದರಲ್ಲೇ ಮುಗಿಯುತ್ತದೆ. ರಿಂಗ್ ಹೋಗಿ ಸಿಲಿಂಡರಿನ ಗೋಡೆಗೆ ಗೀರು ಬಿದ್ದಿದ್ದರೆ ರೀಬೋರ್ ಮಾಡಿಸಿ, ಅಂದರೆ ಸಿಲಿಂಡರನ್ನು ಕೊರೆದು ಅಗಲ ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಬಹುದು. ಆದರೆ ಎಲ್ಲ ಮಾಡೆಲಿಗೂ ಆ ಪಿಸ್ಟನ್ ಸಿಗುವುದಿಲ್ಲ. ಆಗ ಹಾಫ್ ಎಂಜಿನ್, ಅಂದರೆ ಹೆಡ್ ಬಿಟ್ಟು ಕೆಳಗಿನ ಭಾಗ ಮಾತ್ರ, ನೋಡಬೇಕು. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಕ್ರ್ಯಾಂಕ್ ಹಾಳಾಗಿದ್ದರೆ, ಹೆಡ್ಡೂ ಕೆಳಗಿನ ಭಾಗವೂ ಎರಡೂ ಹೋಗಿದ್ದರೆ ಎಂಜಿನ್ ಬದಲಿಸುವುದೇ ಸರಿ ಎಂದು ನಾವೇ ಹೇಳುತ್ತೇವೆ.

ಆಗಲೂ ಗಾಡಿಯ ವಯಸ್ಸು ನೋಡಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಣ. ಬಾಡಿ ತುಕ್ಕು ಹಿಡಿದ, ಆರ್‌ಸಿ ಮುಗಿಯುತ್ತಾ ಬಂದ ಗಾಡಿಗೆ ಹೊಸ ಎಂಜಿನ್ ಹಾಕಿಸಬೇಡಿ ಎಂದೇ ನಮ್ಮ ಸಲಹೆ. ನಮಗೆ ಕೆಲಸ ಹೋದರೂ ಚಿಂತೆಯಿಲ್ಲ.

ಇನ್ನೊಂದು ಬದಲಾವಣೆ. ಬಿಲ್ ಇಲ್ಲದ ಸೆಕೆಂಡ್ಸ್ ಎಂಜಿನ್ ತಂದರೆ ನಾವು ಕೂರಿಸುವುದಿಲ್ಲ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತದೆ. ಬದಲಿಸಿದರೆ ಆರ್‌ಟಿಒ ಕಚೇರಿಯಲ್ಲಿ ಹೊಸ ನಂಬರ್ ನಮೂದಾಗಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಎಲ್ಲಿಂದ ಬಂತು ಎಂದು ಗೊತ್ತಿಲ್ಲದ ಎಂಜಿನ್ ಕದ್ದ ಗಾಡಿಯದ್ದೂ ಆಗಿರಬಹುದು. ಬಿಲ್ ಇರುವ ಎಂಜಿನ್ ಆದರೆ ಕೂರಿಸುವ ಮೊದಲು ಅದಕ್ಕೂ ಕಂಪ್ರೆಷನ್ ಟೆಸ್ಟ್ ಮಾಡುತ್ತೇವೆ.

ಡೀಸೆಲ್ ಗಾಡಿಗಳಿಗೆ ಕಿಡಿಯ ಪ್ಲಗ್ ಇಲ್ಲದ್ದರಿಂದ ಮೊದಲು ಇಂಜೆಕ್ಟರ್ ಲೀಕ್ ಟೆಸ್ಟ್ ಇರುತ್ತದೆ. ಉಳಿದ ಕ್ರಮ, ದರ ಎಲ್ಲ ಇದೇ.

ದಯವಿಟ್ಟು ಎರಡು ವಿಷಯ ನೆನಪಿಡಿ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಓಡಿಸಿಕೊಂಡು ಬರಬೇಡಿ, ನಿಲ್ಲಿಸಿ ನಮಗೆ ಫೋನ್ ಮಾಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಕಾಯಿಲಿನಲ್ಲಿ ಮುಗಿಯುತ್ತಿದ್ದ ಖರ್ಚು ಹತ್ತಾರು ಸಾವಿರಕ್ಕೆ ಹೋಗಬಹುದು. ಮಳೆಯಲ್ಲಿ ನೀರು ತುಂಬಿದ ರಸ್ತೆಯಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿನೊಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪ್ರೊಟೆಕ್ಷನ್ ಸೇರಿಸದ ವಿಮೆಯಲ್ಲಿ ಸಾಮಾನ್ಯವಾಗಿ ಆ ಖರ್ಚು ಸಿಗುವುದಿಲ್ಲ.

ಟೆಸ್ಟಿಗೆ ಬರುವವರು ಬೆಳಿಗ್ಗೆಯೇ ಗಾಡಿ ಬಿಟ್ಟು ಹೋದರೆ ಒಳ್ಳೆಯದು. ತಣ್ಣಗಿದ್ದಾಗಲೂ ಬಿಸಿಯಾದ ಮೇಲೂ ನೋಡಬೇಕಾಗುತ್ತದೆ. ಆರ್‌ಸಿ ನಕಲು, ಹಳೆಯ ರಿಪೇರಿ ಬಿಲ್‌ಗಳು ಜೊತೆಗಿರಲಿ. ಮಿಸ್ ಯಾವಾಗ ಹೊಡೆಯುತ್ತದೆ, ಘಾಟಿ ಹತ್ತುವಾಗಲೋ, ನಿಂತಾಗಲೋ, ಮಳೆಯಲ್ಲೋ ಎಂದು ಒಂದು ಚೀಟಿಯಲ್ಲಿ ಬರೆದು ತನ್ನಿ. ಈಗಾಗಲೇ ಅಂದಾಜು ಪಡೆದು ಮುಂಗಡ ಕೊಟ್ಟವರಿಗೆ ಹೊಸ ದರ ಇಲ್ಲ. ಅವರ ಗಾಡಿಗೆ ಟೆಸ್ಟ್ ಉಚಿತವಾಗಿಯೇ ಮಾಡುತ್ತೇವೆ.

ಇಂತಿ,
ಗ್ಯಾರೇಜಿನ ಎಲ್ಲರ ಪರವಾಗಿ