ನಿಮ್ಮ ರಿಪೋರ್ಟಿನ ‘ನಾರ್ಮಲ್ ರೇಂಜ್’ ಬದಲಾಗುತ್ತಿದೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ನಮ್ಮ ಲ್ಯಾಬಿನ ರಿಪೋರ್ಟಿನಲ್ಲಿ ನಿಮ್ಮ ಫಲಿತಾಂಶದ ಪಕ್ಕ ‘ನಾರ್ಮಲ್ ರೇಂಜ್’ ಅಂತ ಒಂದು ಕಾಲಂ ಇರುತ್ತದಲ್ಲ, ರಕ್ತದ ಕಿಣ್ವಗಳ ಪರೀಕ್ಷೆಯಲ್ಲಿ ಅದು ಇನ್ನು ಮುಂದೆ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ವಯಸ್ಸು ಎಷ್ಟು, ಗಂಡೋ ಹೆಣ್ಣೋ ನೋಡಿಕೊಂಡು ಮುದ್ರಿಸುತ್ತೇವೆ.

ಇದಕ್ಕೆ ಕಾರಣ ಒಬ್ಬ ತಾಯಿ. ಅವರ 13 ವರ್ಷದ ಮಗನ ಆಲ್ಕಲೈನ್ ಫಾಸ್ಫಟೇಸ್ 380 ಬಂದಿತ್ತು. ನಾವು ಪಕ್ಕದಲ್ಲಿ ದೊಡ್ಡವರ ಮಿತಿಯನ್ನೇ, 40ರಿಂದ 130 ಎಂದು ಹಾಕಿ, ‘ಹೆಚ್ಚು’ ಎಂಬ ಗುರುತನ್ನೂ ಒತ್ತಿ ಕಳಿಸಿದ್ದೆವು. ಮಗನ ಲಿವರ್ ಕೆಟ್ಟಿತೆಂದು ಆಕೆ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಹುಡುಗ ಬೆಳೆಯುತ್ತಿದ್ದ, ಅಷ್ಟೇ. ಈ ಕಿಣ್ವ ಲಿವರಿನಿಂದ ಮಾತ್ರವಲ್ಲ, ಮೂಳೆ ಕಟ್ಟುವ ಜೀವಕೋಶಗಳಿಂದಲೂ ರಕ್ತಕ್ಕೆ ಬರುತ್ತದೆ. ಸರಸರನೆ ಎತ್ತರ ಬೆಳೆಯುವ ವಯಸ್ಸಿನಲ್ಲಿ ದೊಡ್ಡವರ ಎರಡು ಮೂರು ಪಟ್ಟು ಇರುವುದು ಸಹಜ. ಹೆಣ್ಣುಮಕ್ಕಳಲ್ಲಿ ಬೇಗ ಏರಿ ಬೇಗ ಇಳಿಯುತ್ತದೆ, ಗಂಡುಮಕ್ಕಳಲ್ಲಿ ತುಸು ತಡ. ಆ ತಾಯಿಯ ಕ್ಷಮೆ ಕೇಳಿದ್ದೇವೆ.

ಇದರ ತಿರುವುಮುರುವು ನಮ್ಮನ್ನು ಇನ್ನೂ ಹೆಚ್ಚು ಕಾಡಿತು. 10 ವರ್ಷದ ಮಗುವಿಗೆ 60 ಬಂದರೆ ಹಳೆಯ ಕಾಲಂ ಪ್ರಕಾರ ಎಲ್ಲ ಸರಿ. ವಾಸ್ತವವಾಗಿ ಆ ವಯಸ್ಸಿಗೆ ಅದು ಕಡಿಮೆ. ಸತುವಿನ ಕೊರತೆಯೋ, ಅಪರೂಪಕ್ಕೆ ಹೈಪೊಫಾಸ್ಫಟೇಸಿಯಾ ಎಂಬ ಆನುವಂಶಿಕ ಮೂಳೆ ರೋಗವೋ ಇರಬಹುದೆಂದು ಡಾಕ್ಟರು ಯೋಚಿಸಬೇಕಾದ ಸಂಖ್ಯೆ ಅದು. ಗುರುತೇ ಇಲ್ಲದಿದ್ದರೆ ಯಾರ ಕಣ್ಣಿಗೆ ಬಿದ್ದೀತು?

ಎಸ್‌ಜಿಪಿಟಿ ಅಥವಾ ಎಎಲ್‌ಟಿ ಎಂಬ ಲಿವರಿನ ಕಿಣ್ವದಲ್ಲಿ ಹೆಂಗಸರಿಗೆ ಇಂಥದೇ ಅನ್ಯಾಯವಾಗುತ್ತಿತ್ತು. ಎಲ್ಲರಿಗೂ 40ರವರೆಗೆ ಸರಿ ಎನ್ನುತ್ತಿದ್ದೆವು. ಆರೋಗ್ಯವಂತರಲ್ಲಿ ಮೇಲ್ಮಿತಿ ಗಂಡಸರಿಗೆ 29ರಿಂದ 33, ಹೆಂಗಸರಿಗೆ 19ರಿಂದ 25 ಎಂದು ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ ಎಂಬ ಜೀರ್ಣಾಂಗ ತಜ್ಞರ ಸಂಘ 2017ರಲ್ಲೇ ಹೇಳಿದೆ. ನಾವು ಇದನ್ನು ಮೊದಲೇ ಮಾಡಬೇಕಿತ್ತು.

ಸಿಕೆ ಮುಖ್ಯವಾಗಿ ಸ್ನಾಯುವಿನ ಕಿಣ್ವವಾದ್ದರಿಂದ ಗಂಡಸರಲ್ಲಿ ಹೆಚ್ಚಿರುತ್ತದೆ. ಲಿವರಿನ ಇನ್ನೊಂದು ಕಿಣ್ವವಾದ ಜಿಜಿಟಿಯೂ ಅವರಲ್ಲೇ ಹೆಚ್ಚು. ನವಜಾತ ಶಿಶುಗಳಲ್ಲಂತೂ ಜಿಜಿಟಿ ದೊಡ್ಡವರಿಗಿಂತ ಹಲವು ಪಟ್ಟು. ಶಿಶುಗಳಲ್ಲಿ ಪಿಷ್ಟ ಜೀರ್ಣಿಸುವ ಕಿಣ್ವವಾದ ಅಮೈಲೇಸ್ ಮಾತ್ರ ತೀರಾ ಕಡಿಮೆ.

ಹಾಗಾಗಿ ರಕ್ತ ಕೊಡುವಾಗ ಸರಿಯಾದ ವಯಸ್ಸು ಹೇಳಿ. ಚಿಕ್ಕ ಮಕ್ಕಳಿಗೆ ಹುಟ್ಟಿದ ದಿನಾಂಕವೇ ಬೇಕು. ಬಸುರಿಯಾಗಿದ್ದರೆ ದಯವಿಟ್ಟು ತಿಳಿಸಿ, ಕೊನೆಯ ಮೂರು ತಿಂಗಳಲ್ಲಿ ಗರ್ಭದ ಮಾಸಿನಿಂದಲೂ ಆಲ್ಕಲೈನ್ ಫಾಸ್ಫಟೇಸ್ ಬರುತ್ತದೆ. ಹಿಂದಿನ ದಿನಗಳಲ್ಲಿ ಭಾರೀ ಕಸರತ್ತು ಮಾಡಿದ್ದರೆ ಅದನ್ನೂ ಹೇಳಿ, ಸಿಕೆ ಏರಿರುತ್ತದೆ.

ಪರೀಕ್ಷೆಯ ವಿಧಾನ, ಯಂತ್ರ ಯಾವುದೂ ಬದಲಾಗಿಲ್ಲ. ಹಳೆಯ ರಿಪೋರ್ಟಿಗೆ ಹೊಸ ಕಾಲಂ ಬೇಕೆಂದರೆ ತನ್ನಿ, ಶುಲ್ಕವಿಲ್ಲದೆ ಮರುಮುದ್ರಿಸಿ ಕೊಡುತ್ತೇವೆ. ಅದೇ ಸಂಖ್ಯೆಗೆ ಈಗ ಗುರುತು ಬಿದ್ದರೆ ಗಾಬರಿಯಾಗದೆ ನಿಮ್ಮ ಡಾಕ್ಟರಿಗೆ ತೋರಿಸಿ. ಆರೋಗ್ಯವಂತರಲ್ಲೂ 20ರಲ್ಲಿ ಒಬ್ಬರ ಫಲಿತಾಂಶ ಈ ಮಿತಿಯ ಹೊರಗೇ ಇರುತ್ತದೆ. ಮಿತಿಯನ್ನು ಲೆಕ್ಕ ಹಾಕುವ ಕ್ರಮವೇ ಹಾಗೆ.

ಇಂತಿ ನಿಮ್ಮ,
ಲ್ಯಾಬಿನ ಸಿಬ್ಬಂದಿ